ರಾಬಿನ್ ಇರಬೇಕೆ, ಹೋಗಬೇಕೆ?

ಈ ಪುಟಕ್ಕೆ ಬರುವ ಮಕ್ಕಳ ಕಾಗದಗಳಲ್ಲಿ ಅರ್ಧದಷ್ಟು ಒಂದೇ ಜಗಳದವು. ಐರನ್ ಮ್ಯಾನ್ ದೊಡ್ಡವನೋ ಕ್ಯಾಪ್ಟನ್ ಅಮೆರಿಕ ದೊಡ್ಡವನೋ? ಹ್ಯಾರಿ ಪಾಟರ್ ಕತೆಯ ಸ್ನೇಪ್ ಮೇಷ್ಟ್ರು ಒಳ್ಳೆಯವರೋ ಕೆಟ್ಟವರೋ? ಲಡ್ಡು ಸಿಗದೇ ಹೋದರೆ ಛೋಟಾ ಭೀಮನನ್ನು ಕಾಲಿಯಾ ಸೋಲಿಸುತ್ತಿದ್ದನೋ ಇಲ್ಲವೋ? ಕೆಲವರಂತೂ ಒಂದು ಪಾತ್ರ ಇಷ್ಟವಿಲ್ಲವೆಂದು ಹೇಳಿ ಸುಮ್ಮನಾಗುವುದಿಲ್ಲ. ‘ಅವನು ಸತ್ತೇ ಹೋಗಬೇಕಿತ್ತು’ ಎಂದು ಬರೆದು ಕೆಳಗೆ ಗೀಟು ಬೇರೆ ಎಳೆಯುತ್ತಾರೆ.

ಮಕ್ಕಳೇ, ಇಂಥ ಕೋರಿಕೆಯನ್ನು ಅಮೆರಿಕದ ಒಂದು ಪ್ರಕಾಶನ ಸಂಸ್ಥೆ ಒಮ್ಮೆ ನಿಜವಾಗಿಯೂ ನಡೆಸಿಕೊಟ್ಟಿತು. ಓದುಗರಿಂದ ಫೋನಿನಲ್ಲಿ ಮತ ಹಾಕಿಸಿ, ಎಣಿಸಿ, ಕತೆಯ ಹುಡುಗನೊಬ್ಬನನ್ನು ಸಾಯಿಸಿತು. ಇದು ನಡೆದದ್ದು 1988ರಲ್ಲಿ. ಹುಡುಗನ ಹೆಸರು ಜೇಸನ್ ಟಾಡ್, ಬ್ಯಾಟ್‌ಮನ್‌ನ ಜೊತೆಗಾರ ರಾಬಿನ್.

ರಾಬಿನ್ ಯಾರೆಂದು ತಿಳಿಯದ ಹಿರಿಯರಿಗಾಗಿ ನಾಲ್ಕು ಮಾತು. ಬ್ಯಾಟ್‌ಮನ್ ಕತೆ ಶುರುವಾದದ್ದು 1939ರಲ್ಲಿ. ಗಾಥಮ್ ಎಂಬ ಊರಿನ ಶ್ರೀಮಂತ ಬ್ರೂಸ್ ವೇನ್, ರಾತ್ರಿ ಹೊತ್ತು ಬಾವಲಿಯ ವೇಷ ಹಾಕಿಕೊಂಡು ಕೇಡಿಗರನ್ನು ಹಿಡಿಯುತ್ತಾನೆ. ಚಿಕ್ಕವನಿದ್ದಾಗ ಕಣ್ಣೆದುರಿಗೇ ಅಪ್ಪ ಅಮ್ಮನ ಕೊಲೆಯಾದದ್ದನ್ನು ಕಂಡವನು. ನಗು ಕಡಿಮೆ, ಮಾತೂ ಕಡಿಮೆ. ಇಂಥವನನ್ನೇ ಒಂಟಿಯಾಗಿಟ್ಟು ಕತೆ ಎಷ್ಟು ದಿನ ನಡೆಸುವುದು? ಅವನಿಗೆ ಮಾತಾಡಲು ಯಾರಾದರೂ ಬೇಕಲ್ಲ! ಹಾಗಾಗಿ 1940ರಲ್ಲಿ ಡಿಕ್ ಗ್ರೇಸನ್ ಎಂಬ ಹುಡುಗ ಬಂದ. ಸರ್ಕಸ್ಸಿನಲ್ಲಿ ಉಯ್ಯಾಲೆಯಿಂದ ಉಯ್ಯಾಲೆಗೆ ಹಾರುವ ಕುಟುಂಬದವನು. ದುಷ್ಟರ ಸಂಚಿನಿಂದ ತಂದೆ ತಾಯಿ ತೀರಿಕೊಂಡ ಮೇಲೆ ಬ್ರೂಸ್ ಅವನನ್ನು ಮನೆಗೆ ಕರೆತಂದ. ಕೆಂಪು ಅಂಗಿ, ಹಳದಿ ಮೇಲುಹೊದಿಕೆ, ಬಾಯಿ ತುಂಬ ತಮಾಷೆ. ಅವನೇ ಮೊದಲ ರಾಬಿನ್. ನಲವತ್ತಕ್ಕೂ ಹೆಚ್ಚು ವರ್ಷ ಎಲ್ಲರಿಗೂ ಅಚ್ಚುಮೆಚ್ಚು.

ಆದರೆ ಕತೆಯ ಹುಡುಗನೂ ಬೆಳೆಯಬೇಕಲ್ಲ. 1984ರಲ್ಲಿ ಡಿಕ್ ರಾಬಿನ್ ವೇಷ ಕಳಚಿ ‘ನೈಟ್‌ವಿಂಗ್’ ಎಂಬ ಹೊಸ ಹೆಸರಿನಲ್ಲಿ ಸ್ವಂತ ಕೆಲಸಕ್ಕೆ ನಿಂತ. ಖಾಲಿಯಾದ ಜಾಗಕ್ಕೆ ಬಂದವನು ಜೇಸನ್. ಮೊದಲಿಗೆ ಅವನನ್ನೂ ಡಿಕ್‌ನ ಹಾಗೆಯೇ ಸರ್ಕಸ್ ಹುಡುಗನನ್ನಾಗಿ ಮಾಡಿದ್ದರು. ಇದು ನಕಲು ಎಂದು ಅನ್ನಿಸಿತೋ ಏನೋ, 1987ರಲ್ಲಿ ಅವನ ಪೂರ್ವಕತೆಯನ್ನೇ ಬದಲಾಯಿಸಿಬಿಟ್ಟರು. ಹೊಸ ಕತೆಯಲ್ಲಿ ಜೇಸನ್ ಬೀದಿಯಲ್ಲಿ ಬೆಳೆದ ಅನಾಥ. ಒಂದು ರಾತ್ರಿ ಬ್ಯಾಟ್‌ಮನ್ ತನ್ನ ಕಾರು ನಿಲ್ಲಿಸಿ ಹೋಗಿ ಬರುವಷ್ಟರಲ್ಲಿ ಆ ಕಾರಿನ ಚಕ್ರಗಳನ್ನೇ ಬಿಚ್ಚಿಕೊಂಡಿದ್ದ! ಜಗತ್ತಿನ ಕಳ್ಳರೆಲ್ಲ ಹೆಸರು ಕೇಳಿದರೆ ನಡುಗುವವನ ಕಾರಿನ ಟೈರು. ನನಗಂತೂ ಬ್ಯಾಟ್‌ಮನ್ ಕತೆಗಳಲ್ಲೆಲ್ಲ ಅತಿ ಹೆಚ್ಚು ನಗು ಬಂದದ್ದು ಇಲ್ಲಿ. ಆ ಹುಡುಗ ಸಿಕ್ಕಿದ ಓಣಿಯೂ ಎಂಥದು? ಬ್ರೂಸ್‌ನ ಅಪ್ಪ ಅಮ್ಮ ಸತ್ತಿದ್ದ ಓಣಿ.

ಅಲ್ಲಿಂದ ಮುಂದೆ ಜೇಸನ್ ಮೂಗಿನ ತುದಿಯಲ್ಲಿ ಸಿಟ್ಟಿರುವ ಹುಡುಗನಾದ. ಹೇಳಿದ ಮಾತು ಕೇಳುವುದಿಲ್ಲ, ಎದುರು ಮಾತಾಡುತ್ತಾನೆ, ಯೋಚಿಸದೆ ನುಗ್ಗುತ್ತಾನೆ. ಒಂದು ಕತೆಯಲ್ಲಿ ಒಬ್ಬ ದುಷ್ಟ ಎತ್ತರದ ಬಾಲ್ಕನಿಯಿಂದ ಬಿದ್ದು ಸಾಯುತ್ತಾನೆ. ‘ನೀನು ತಳ್ಳಿದೆಯಾ?’ ಎಂದು ಬ್ಯಾಟ್‌ಮನ್ ಕೇಳಿದರೆ, ‘ಅವನೇ ಬೆಚ್ಚಿ ಜಾರಿದ’ ಎನ್ನುತ್ತಾನೆ ಜೇಸನ್. ನಿಜವಾಗಿ ಏನಾಯಿತೆಂದು ಚಿತ್ರದಲ್ಲಿ ತೋರಿಸಲೇ ಇಲ್ಲ. ಓದುಗರು ಮುಖ ಸಿಂಡರಿಸಿದರು. ಇವನು ನಮ್ಮ ರಾಬಿನ್ ಅಲ್ಲ ಎಂದರು.

ಇದರಲ್ಲಿ ಹುಡುಗನ ತಪ್ಪೆಷ್ಟು? ಆಗ ಬ್ಯಾಟ್‌ಮನ್ ಕತೆ ಬರೆಯುತ್ತಿದ್ದವರು ಜಿಮ್ ಸ್ಟಾರ್ಲಿನ್. ಬ್ಯಾಟ್‌ಮನ್ ಜೊತೆ ಪುಟ್ಟ ಹುಡುಗನೊಬ್ಬ ಇರುವುದೇ ತಮಗೆ ಸರಿಬರುತ್ತಿರಲಿಲ್ಲವೆಂದು ಅವರೇ ಮುಂದೆ ಹೇಳಿಕೊಂಡಿದ್ದಾರೆ. ಅಡುಗೆಯವರಿಗೇ ಹಾಗಲಕಾಯಿ ಸೇರದಿದ್ದರೆ ಪಲ್ಯ ಹೇಗಿದ್ದೀತು! ಜೊತೆಗೆ, ಹಳೆಯ ಗೆಳೆಯ ಊರು ಬಿಟ್ಟುಹೋದಾಗ ತರಗತಿಯಲ್ಲಿ ಅವನ ಜಾಗದಲ್ಲಿ ಕೂರುವ ಹೊಸ ಹುಡುಗನಿಗೆ ಏನಾಗುತ್ತದೆಂದು ಶಾಲೆಗೆ ಹೋಗುವ ನಿಮಗೆ ನಾನು ಬಿಡಿಸಿ ಹೇಳಬೇಕಿಲ್ಲ.

ಸಂಪಾದಕ ಡೆನಿಸ್ ಓನೀಲ್ ಅವರಿಗೆ ಆಗ ಒಂದು ಹಳೆಯ ಟಿವಿ ತಮಾಷೆ ನೆನಪಾಯಿತು. 1982ರಲ್ಲಿ ನಟ ಎಡ್ಡಿ ಮರ್ಫಿ ಒಂದು ಹಾಸ್ಯ ಕಾರ್ಯಕ್ರಮದಲ್ಲಿ ಜೀವಂತ ಲಾಬ್‌ಸ್ಟರನ್ನು, ಅಂದರೆ ಕೊಂಡಿಗಳಿರುವ ದೊಡ್ಡ ಸಮುದ್ರಜೀವಿಯೊಂದನ್ನು, ಕೈಯಲ್ಲಿ ಹಿಡಿದು ‘ಇದನ್ನು ಬೇಯಿಸಲೋ ಬಿಡಲೋ, ಫೋನ್ ಮಾಡಿ ಹೇಳಿ’ ಎಂದಿದ್ದ. ನಾಲ್ಕು ಲಕ್ಷಕ್ಕೂ ಹೆಚ್ಚು ಕರೆಗಳು ಬಂದವು. ಲಾಬ್‌ಸ್ಟರ್ ಗೆದ್ದಿತು. (ಗೆದ್ದರೇನು, ಮುಂದಿನ ವಾರ ಮರ್ಫಿ ಬೆಂದ ಲಾಬ್‌ಸ್ಟರನ್ನೇ ತಂದು ತೋರಿಸಿದ.) ಹೀಗೇ ಕಾಮಿಕ್ಸ್ ಓದುಗರನ್ನೂ ಕೇಳಿದರೆ ಹೇಗೆ?

‘ಎ ಡೆತ್ ಇನ್ ದ ಫ್ಯಾಮಿಲಿ’ ಎಂಬ ಧಾರಾವಾಹಿ ಶುರುವಾಯಿತು. ಜೇಸನ್‌ಗೆ ತನ್ನ ಹೆತ್ತ ತಾಯಿ ಬೇರೊಬ್ಬಳೆಂದು ತಿಳಿಯುತ್ತದೆ. ಅವಳನ್ನು ಹುಡುಕುತ್ತ ಇಥಿಯೋಪಿಯದವರೆಗೆ ಹೋಗುತ್ತಾನೆ. ತಾಯಿ ಸಿಗುತ್ತಾಳೆ, ಆದರೆ ಅವಳೇ ಅವನನ್ನು ಜೋಕರ್ ಎಂಬ ಕ್ರೂರಿಯ ಕೈಗೆ ಒಪ್ಪಿಸಿಬಿಡುತ್ತಾಳೆ. ಜೋಕರ್ ಹುಡುಗನನ್ನು ಹಣ್ಣುಗಾಯಿ ನೀರುಗಾಯಿ ಮಾಡಿ, ತಾಯಿಯನ್ನೂ ಜೊತೆಗೆ ಕೂಡಿ, ಗೋದಾಮಿನಲ್ಲಿ ಬಾಂಬಿಟ್ಟು ಹೊರಡುತ್ತಾನೆ. ಬಾಂಬು ಸಿಡಿಯುತ್ತದೆ. ಸಂಚಿಕೆ ಮುಗಿಯಿತು. ಕೊನೆಯಲ್ಲಿ ಎರಡು ಫೋನ್ ನಂಬರು: ರಾಬಿನ್ ಬದುಕಬೇಕೆಂದರೆ ಇದಕ್ಕೆ ಮಾಡಿ, ಬೇಡವೆಂದರೆ ಅದಕ್ಕೆ ಮಾಡಿ. ಪ್ರತಿ ಕರೆಗೆ 50 ಸೆಂಟ್, ಅಂದರೆ ಅರ್ಧ ಡಾಲರ್. ಸೆಪ್ಟೆಂಬರ್ 15 ಮತ್ತು 16, ಸುಮಾರು ಒಂದೂವರೆ ದಿನದ ಅವಕಾಶ. ಚಿತ್ರಕಾರ ಜಿಮ್ ಅಪಾರೋ ಎರಡು ಬಗೆಯ ಮುಕ್ತಾಯದ ಪುಟಗಳನ್ನೂ ಬರೆದು ಇಟ್ಟಿದ್ದರು.

ಫಲಿತಾಂಶ: ಬದುಕಲಿ ಎಂದವರು 5,271. ಸಾಯಲಿ ಎಂದವರು 5,343. ಕಳೆದು ನೋಡಿ, ವ್ಯತ್ಯಾಸ ಬರೀ 72.

ಇಷ್ಟಕ್ಕೇ ಲೆಕ್ಕ ಮುಗಿಯಲಿಲ್ಲ. ಯಾರೋ ಒಬ್ಬ ತನ್ನ ಕಂಪ್ಯೂಟರಿಗೆ ಹೇಳಿಕೊಟ್ಟು, ಸಾಯಲಿ ಎನ್ನುವ ನಂಬರಿಗೆ 90 ಸೆಕೆಂಡಿಗೊಮ್ಮೆಯಂತೆ 8 ಗಂಟೆ ಕರೆ ಮಾಡಿಸಿದನೆಂದು ತಾನು ಕೇಳಿದ್ದಾಗಿ ಓನೀಲ್ ಆಮೇಲೆ ಹೇಳಿದರು. ಕೇಳಿದ ಮಾತು, ಪುರಾವೆಯಿಲ್ಲ. ಆದರೂ ಪೆನ್ಸಿಲ್ ತೆಗೆದುಕೊಳ್ಳಿ. 8 ಗಂಟೆಗೆ 28,800 ಸೆಕೆಂಡು. 90ರಿಂದ ಭಾಗಿಸಿದರೆ 320 ಕರೆ. 72ನ್ನು ದಾಟಲು ಅದರ ಕಾಲುಭಾಗವೇ ಸಾಕು. ಖರ್ಚು 160 ಡಾಲರ್. ಆ ಮಾತು ನಿಜವೇ ಆಗಿದ್ದರೆ, ಓದುಗರ ತೀರ್ಪೆಂದು ನಾವು ಹೇಳುತ್ತಿರುವುದು ಒಂದು ಯಂತ್ರದ ತೀರ್ಪು.

ಆ ಮಾತು ಸುಳ್ಳೇ ಆಗಿರಲಿ. ಮತ ಹಾಕಿದವರು ಇನ್ನೂ ಓದಿರದ ಒಂದು ಸಂಗತಿ ಮುಂದಿನ ಸಂಚಿಕೆಯಲ್ಲಿತ್ತು. ಅವಶೇಷಗಳ ನಡುವೆ ಬ್ಯಾಟ್‌ಮನ್‌ಗೆ ಮೊದಲು ಕಾಣುವುದು ಸಾಯುತ್ತಿರುವ ಆ ತಾಯಿ. ಬಾಂಬು ಸಿಡಿದಾಗ ಹುಡುಗ ತನಗೆ ಅಡ್ಡವಾಗಿ ಬಿದ್ದು ಪೆಟ್ಟೆಲ್ಲ ತನ್ನ ಮೇಲೆ ತೆಗೆದುಕೊಂಡನೆಂದು ಅವಳೇ ಹೇಳುತ್ತಾಳೆ. ಹಿಡಿದುಕೊಟ್ಟ ತಾಯಿಯನ್ನು ಕಾಯಲು ಹೋಗಿ ಸತ್ತ ಹುಡುಗ. ಯಾರ ಮಾತೂ ಕೇಳದ ಹಟಮಾರಿ ಎಂದು ಫೋನ್ ತಿರುಗಿಸಿದ್ದ 5,343 ಮಂದಿ ಈ ಪುಟವನ್ನು ಓದಿದ್ದು ಫೋನಿಟ್ಟ ಮೇಲೆ. ನನಗೆ ಈ ಇಡೀ ಪ್ರಕರಣದಲ್ಲಿ ಹೊಟ್ಟೆ ಚುರುಕ್ಕೆನ್ನುವುದು ಇಲ್ಲಿಯೇ.

ಪಾತ್ರಗಳ ಮೇಲೆ ಪ್ರೀತಿ, ಸಿಟ್ಟು ನಮ್ಮಲ್ಲಿ ಕಡಿಮೆಯೆಂದಲ್ಲ. ಅಜ್ಜ ಅಜ್ಜಿಯರ ಮುಂದೆ ಕರ್ಣನ ಹೆಸರೆತ್ತಿ ನೋಡಿ! ಕರ್ಣನಿಗೆ ಅನ್ಯಾಯವಾಯಿತೆಂದು ಒಬ್ಬರು, ದ್ರೌಪದಿಯನ್ನು ಸಭೆಯಲ್ಲಿ ಆಡಿದ ಮಾತಿಗೆ ಅಷ್ಟಾಗಬೇಕಿತ್ತೆಂದು ಇನ್ನೊಬ್ಬರು. ಹತ್ತನೆಯ ಶತಮಾನದ ರನ್ನ ಕವಿ ದುರ್ಯೋಧನನ ಮೇಲೂ ಮರುಕ ಹುಟ್ಟುವಂತೆ ಬರೆದ. ಕರಾವಳಿಯ ತಾಳಮದ್ದಳೆಯಲ್ಲಿ ಅರ್ಥಧಾರಿಗಳು ವೇಷವಿಲ್ಲದೆ ಕೂತು ಕರ್ಣನ ಪರವಾಗಿ ಗಂಟೆಗಟ್ಟಲೆ ವಾದ ಹೂಡುತ್ತಾರೆ, ಕೇಳುವವರು ಕಣ್ಣೊರೆಸಿಕೊಳ್ಳುತ್ತಾರೆ. ಕೊನೆಗೆ ರಥದ ಚಕ್ರ ಹೂತೇ ಹೂಳುತ್ತದೆ. ಅಲ್ಲಿ ಜನರಿಗೆ ಮತವಿಲ್ಲ. ಆದರೆ ಕರ್ಣನ ಮಾತು ಪೂರ್ತಿ ಮುಗಿಯುವ ತನಕ ಯಾರೂ ಎದ್ದು ಹೋಗುವುದೂ ಇಲ್ಲ. ಜೇಸನ್‌ಗೆ ಸಿಗದೇ ಹೋದದ್ದು ಅದು.

ಇನ್ನು ಓದುಗರಿಗೆ, ನೋಡುಗರಿಗೆ ಕೇಳಬಾರದೆಂದೇ ನಾನು ಹೇಳುವುದಿಲ್ಲ. 1904ರಲ್ಲಿ ಲಂಡನ್ನಿನ ರಂಗಮಂದಿರದಲ್ಲಿ ಜೆ. ಎಂ. ಬ್ಯಾರಿ ಅವರ ‘ಪೀಟರ್ ಪ್ಯಾನ್’ ನಾಟಕ ಮೊದಲ ಸಲ ನಡೆದಾಗಲೂ ಕೇಳಿದ್ದರು. ಪೀಟರ್‌ಗೆಂದು ಇಟ್ಟಿದ್ದ ವಿಷವನ್ನು ಟಿಂಕರ್ ಬೆಲ್ ಎಂಬ ಪುಟ್ಟ ಕಿನ್ನರಿ ಕುಡಿದುಬಿಡುತ್ತಾಳೆ. ಅವಳ ಬೆಳಕು ಮಂಕಾಗುತ್ತ ಬರುತ್ತದೆ. ಪೀಟರ್ ಸಭೆಯ ಕಡೆ ತಿರುಗಿ, ಕಿನ್ನರಿಯರನ್ನು ನಂಬುವವರು ಚಪ್ಪಾಳೆ ತಟ್ಟಿ ಎಂದು ಬೇಡುತ್ತಾನೆ. ಯಾರೂ ತಟ್ಟದಿದ್ದರೆ ಗತಿಯೇನು? ವಾದ್ಯದವರೇ ವಾದ್ಯ ಕೆಳಗಿಟ್ಟು ಚಪ್ಪಾಳೆ ತಟ್ಟಬೇಕೆಂದು ಬ್ಯಾರಿ ಮೊದಲೇ ಹೇಳಿಟ್ಟಿದ್ದರಂತೆ. ಅದರ ಅಗತ್ಯವೇ ಬೀಳಲಿಲ್ಲ, ಸಭೆಯೇ ತಟ್ಟಿತು. ಅಲ್ಲಿಯೂ ಮತ, ಇಲ್ಲಿಯೂ ಮತ. ಅಲ್ಲಿ ಒಂದೇ ಪೆಟ್ಟಿಗೆ ಇಟ್ಟಿದ್ದರು, ಇಲ್ಲಿ ಎರಡು. ಕೆಟ್ಟದ್ದಕ್ಕೂ ಒಂದು ನಂಬರು ಕೊಟ್ಟರೆ ಯಾರಾದರೂ ತಿರುಗಿಸಿಯೇ ತಿರುಗಿಸುತ್ತಾರೆ. ಜೇಸನ್ ಸ್ವಭಾವ ಹೇಗೆ ತಿದ್ದಬಹುದು, ಅವನನ್ನು ಶಾಲೆಗೆ ಕಳಿಸೋಣವೇ, ಡಿಕ್ ಜೊತೆ ನಾಲ್ಕು ದಿನ ಬಿಡೋಣವೇ ಎಂದು ಕೇಳುವ ಮೂರನೆಯ ನಂಬರು ಇರಲಿಲ್ಲ. ನಾನಾಗಿದ್ದರೆ ಆ ಮೂರನೆಯದಕ್ಕೇ ಅರ್ಧ ಡಾಲರ್ ಖರ್ಚು ಮಾಡುತ್ತಿದ್ದೆ.

ಸುದ್ದಿ ಪತ್ರಿಕೆಗಳಿಗೆ ಹೋದಾಗ ದೊಡ್ಡ ಗದ್ದಲವಾಯಿತು. ಕಾಮಿಕ್ಸ್ ಓದದ ಎಷ್ಟೋ ದೊಡ್ಡವರು ತಮ್ಮ ಬಾಲ್ಯದ ಡಿಕ್ ಗ್ರೇಸನ್ನೇ ಸತ್ತನೆಂದು ತಿಳಿದು ಬೈದರು. ಆ ಬೈಗುಳದಲ್ಲೂ ಪಾಪ ಜೇಸನ್‌ಗೆ ಪಾಲಿಲ್ಲ.

ಮುಂದಿನ ರಾಬಿನ್‌ನನ್ನು ತರುವಾಗ ಪ್ರಕಾಶಕರು ಬಹಳ ಹುಷಾರಾಗಿದ್ದರು. 1989ರಲ್ಲಿ ಬಂದ ಟಿಮ್ ಡ್ರೇಕ್ ಚಿಕ್ಕಂದಿನಲ್ಲಿ ಸರ್ಕಸ್ಸಿನಲ್ಲಿ ಡಿಕ್ ನಾಲ್ಕು ಲಾಗ ಹಾಕುವುದನ್ನು ನೋಡಿದ್ದ. ಮುಂದೊಮ್ಮೆ ಟಿವಿಯಲ್ಲಿ ರಾಬಿನ್ ಅದೇ ಲಾಗ ಹಾಕುವುದನ್ನು ಕಂಡು, ಇವನೇ ಅವನೆಂದು ತಾನೇ ಪತ್ತೆಹಚ್ಚಿದ. ಬ್ಯಾಟ್‌ಮನ್ ರಾಬಿನ್ ಇಲ್ಲದೆ ಹದಗೆಡುತ್ತಿದ್ದಾನೆಂದು ತಾನಾಗಿ ಬಾಗಿಲು ತಟ್ಟಿದ. ಅಂದರೆ ಟಿಮ್ ಒಬ್ಬ ಅಭಿಮಾನಿ! ನಿಮ್ಮಂತೆಯೇ ಕೂತು ನೋಡಿ, ಲೆಕ್ಕ ಹಾಕಿ, ತಲೆ ಕೆಡಿಸಿಕೊಂಡವನು. ಓದುಗರು ಅವನನ್ನು ಒಪ್ಪಿಕೊಂಡದ್ದರಲ್ಲಿ ಆಶ್ಚರ್ಯವೇನಿದೆ.

ಜೇಸನ್ ಬದುಕುವ ಪುಟ ಏನಾಯಿತು? ಬೀರುವಿನಲ್ಲೇ ಉಳಿದಿದ್ದ ಆ ಮುಕ್ತಾಯವನ್ನು ಸೇರಿಸಿ 2023ರಲ್ಲಿ ಅದೇ ಹಳೆಯ ಸಂಚಿಕೆಯನ್ನು ಮತ್ತೆ ಅಚ್ಚು ಹಾಕಿದರು. 35 ವರ್ಷ ತಡವಾಗಿ 5,271 ಮಂದಿಗೆ ಅವರು ಕೇಳಿದ್ದ ಪುಟ ಸಿಕ್ಕಿತು.

ಅಷ್ಟರಲ್ಲಿ ಜೇಸನ್ ಬೇರೆ ದಾರಿಯಲ್ಲಿ ಬಂದಾಗಿತ್ತು. 2005ರ ಕತೆಯಲ್ಲಿ ಅವನು ಸಾವಿನಿಂದ ಎದ್ದು, ಬೆಳೆದ ಯುವಕನಾಗಿ, ‘ರೆಡ್ ಹುಡ್’ ಎಂಬ ಕೆಂಪು ಮುಖವಾಡ ತೊಟ್ಟು ಗಾಥಮ್‌ಗೆ ಮರಳುತ್ತಾನೆ. ಸಿಟ್ಟು ಹಾಗೇ ಇದೆ. ಮುಂದೆ ಅವನ ಹೆಸರಿನಲ್ಲೇ ಕಾಮಿಕ್ಸ್ ಬಂದವು, ಅವನಿಗೆ ತನ್ನದೇ ಅಭಿಮಾನಿಗಳ ದಂಡಿದೆ. ಆ ಸಿಟ್ಟಿಗಾಗಿ ಅವನನ್ನು ಹಳೆಯ ಓದುಗರು ದ್ವೇಷಿಸಿದರು. ಅದೇ ಸಿಟ್ಟಿಗಾಗಿ ಹೊಸ ಓದುಗರು ಪ್ರೀತಿಸುತ್ತಾರೆ.

ಅವನು ಸಾಕುತಂದೆಯನ್ನು ಎದುರು ನಿಲ್ಲಿಸಿ ಕೇಳುವ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ನನ್ನನ್ನು ಉಳಿಸಲಿಲ್ಲವೆಂದು ನನಗೆ ಸಿಟ್ಟಿಲ್ಲ, ನನ್ನನ್ನು ಕೊಂದ ಜೋಕರ್ ಇನ್ನೂ ಏಕೆ ಬದುಕಿದ್ದಾನೆ ಎಂಬುದು ಅವನ ಮಾತು. ಒಮ್ಮೆ ಆ ಕಡೆ ಕಾಲಿಟ್ಟರೆ ನಾನು ವಾಪಸು ಬರಲಾರೆ ಎಂಬುದು ಬ್ಯಾಟ್‌ಮನ್‌ನ ಉತ್ತರ. ನಮ್ಮ ಮನೆಯಲ್ಲಿ ನನ್ನ ಮತ ಬ್ಯಾಟ್‌ಮನ್‌ಗೆ, ಮೊಮ್ಮಗಳ ಮತ ಜೇಸನ್‌ಗೆ. ಒಂದು ವಾರದಿಂದ ಊಟದ ಹೊತ್ತಿಗೆ ಇದೇ ನಡೆದಿದೆ, ಸದ್ಯ ಇದಕ್ಕೆ ಯಾರೂ ಫೋನ್ ನಂಬರು ಕೊಟ್ಟಿಲ್ಲ.