ನೀರಿನ ಪೈಪಿಗೆ ಗಾಳಿ ತುಂಬಬೇಡಿ

ರಾಷ್ಟ್ರೀಯ ಹೆದ್ದಾರಿ 48 ಹಾದುಹೋಗುವ ಹಿರಿಯೂರು, ಚಿತ್ರದುರ್ಗಗಳಲ್ಲಿ ಲಾರಿ ಗ್ಯಾರೇಜು, ಟೈರ್ ಅಂಗಡಿಗಳಿಗೆ ಕೆಲಸ ತಪ್ಪುವುದಿಲ್ಲ. ಚಿತ್ರದುರ್ಗ ಕೊಳವೆಬಾವಿಯನ್ನು ನೆಚ್ಚಿದ ಜಿಲ್ಲೆಯೂ ಹೌದು. ಹೊಸದುರ್ಗ, ಹೊಳಲ್ಕೆರೆಯ ತೆಂಗು-ಅಡಿಕೆ ತೋಟಗಳಿಗೆ ಬೇಕಾದ ಪಿವಿಸಿ ಪೈಪು, ಎಲ್ಬೋ, ಅಂಟು ಸುಲಭವಾಗಿ ಸಿಗುತ್ತವೆ. ಕಂಪ್ರೆಸರ್‌ನಿಂದ ಗ್ಯಾರೇಜಿನ ಆ ತುದಿಗೆ ಗಾಳಿ ಒಯ್ಯಬೇಕಾದಾಗ ಕೈ ಪಿವಿಸಿಯತ್ತಲೇ ಹೋಗುವುದು ಸಹಜ. ಪೈಪಿನ ಮೇಲೆ ತಾಳುವ ಒತ್ತಡ 10 ಕೆಜಿ ಎಂದು ಅಚ್ಚಾಗಿದೆ, ಕಂಪ್ರೆಸರ್ ಕೊಡುವುದು 8 ಕೆಜಿ, ಇನ್ನೇನು ಭಯ ಎಂಬುದು ವಾದ. ಆದರೆ ಐಎಸ್ 4985 ಮಾನಕದ ಆ ಅಂಕಿ ನೀರಿನದು, ಅದೂ 27 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಬಿಸಿ ಏರಿದಷ್ಟೂ ಪಿವಿಸಿಯ ತಾಳಿಕೆ ಕುಸಿಯುತ್ತದೆ. ಏಪ್ರಿಲ್ ಬಿಸಿಲಲ್ಲಿ ಕಾದ ತಗಡಿನ ಶೆಡ್ಡು, ಒಳಗೆ ಕಂಪ್ರೆಸರ್‌ನಿಂದ ಬಿಸಿಯಾಗಿಯೇ ಹೊರಡುವ ಗಾಳಿ: 27 ಡಿಗ್ರಿ ಎಲ್ಲಿ ಉಳಿಯಿತು? ಇನ್ನೂ ದೊಡ್ಡ ವ್ಯತ್ಯಾಸ ಗಾಳಿಯದೇ. ನೀರಿನ ಪೈಪು ಸೀಳಿದರೆ ಒತ್ತಡ ತಕ್ಷಣ ಇಳಿದು ನೆಲ ಒದ್ದೆಯಾಗುತ್ತದೆ, ಅಷ್ಟೆ. 8 ಕೆಜಿಗೆ ಅದುಮಿದ ಗಾಳಿ ಬಿಡುಗಡೆಯಾದರೆ ಸುಮಾರು ಒಂಬತ್ತು ಪಟ್ಟು ಹಿಗ್ಗುತ್ತದೆ. ಪೆಡಸಾದ ಪಿವಿಸಿ ಚೂಪು ಚೂರುಗಳಾಗಿ ಸಿಡಿಯುತ್ತದೆ. ಅಮೆರಿಕದ ಕಾರ್ಮಿಕ ಸುರಕ್ಷತಾ ಇಲಾಖೆ ಇಂಥದೇ ಅವಘಡದ ನಂತರ 1988ರಲ್ಲೇ ಎಚ್ಚರಿಕೆ ಹೊರಡಿಸಿತ್ತು.

‘ವರ್ಷಗಟ್ಟಲೆ ಏನೂ ಆಗಿಲ್ಲವಲ್ಲ’ ಎನ್ನುವವರಿಗೆ ಉತ್ತರ: ಬಿಸಿಲು, ಕಂಪ್ರೆಸರ್ ಎಣ್ಣೆ, ಯಂತ್ರದ ಅದುರು ಮೂರೂ ಪೈಪನ್ನು ವರ್ಷ ಕಳೆದಂತೆ ಪೆಡಸಾಗಿಸುತ್ತಲೋ ಸವೆಸುತ್ತಲೋ ಹೋಗುತ್ತವೆ. ಹಳೆಯದಾದಷ್ಟೂ ಅಪಾಯ ಹೆಚ್ಚು. ಪಿವಿಸಿ ಬದಲು ಹಾಕಬಹುದಾದ ಜಿ.ಐ. (ಸತು ಲೇಪಿತ ಕಬ್ಬಿಣದ) ಪೈಪಿಗೆ ದುಡ್ಡು ಜಾಸ್ತಿ, ತುಕ್ಕು ಪೇಂಟ್ ಗನ್ನಿಗೆ ಸೇರುತ್ತದೆ ಎಂಬ ಆಕ್ಷೇಪದಲ್ಲಿ ಹುರುಳಿದೆ. ತುಕ್ಕಿಗೆ ಮೂಲ ಗಾಳಿಯೊಳಗಿನ ತೇವ. ಪೈಪನ್ನು ಗಾಳಿ ಹರಿಯುವ ದಿಕ್ಕಿಗೆ ತುಸು ಇಳಿಜಾರಾಗಿ ಕಟ್ಟಿ, ಕವಲುಗಳನ್ನು ಮೇಲ್ಭಾಗದಿಂದ ತೆಗೆದು, ಕೊನೆಗೆ ನೀರು ಬಿಡುವ ವಾಲ್ವ್ ಇಟ್ಟು, ಗನ್ನಿನ ಮುಂದೆ ಫಿಲ್ಟರ್ ಹಾಕಿದರೆ ತೊಂದರೆ ಬಹಳ ಮಟ್ಟಿಗೆ ತಗ್ಗುತ್ತದೆ. ಗಾಳಿಗೆಂದೇ ಮಾಡಿದ ಅಲ್ಯೂಮಿನಿಯಂ ಪೈಪಿಗೆ ತುಕ್ಕೇ ಇಲ್ಲ, ಬೆಲೆ ಮಾತ್ರ ಏರು. ಚಿಕ್ಕ ಪಂಕ್ಚರ್ ಅಂಗಡಿಗೆ ಇದ್ಯಾವುದೂ ಬೇಡ. ಒತ್ತಡಕ್ಕೆ ತಕ್ಕ ಒಳ್ಳೆಯ ರಬ್ಬರ್ ಹೋಸ್ ಸಾಕು.

ಪೈಪ್ ಅಂಗಡಿಯವರಲ್ಲೂ ಒಂದು ಮನವಿ: ಗ್ಯಾರೇಜಿನವರು ಬಂದಾಗ ಅಳತೆ ಕೇಳುವ ಮೊದಲು ‘ನೀರಿಗೋ, ಗಾಳಿಗೋ’ ಎಂದು ಕೇಳಿ. ಗಾಳಿಗೆ ಎಂದರೆ ಪಿವಿಸಿ ಕೊಡಬೇಡಿ.