ಗೋರ್ಯೊ ಅರಸರು ಎಷ್ಟು ಮಂದಿ? ಆಧಾರ ಪರಿಶೀಲನೆಗೊಂದು ಪಾಠ

‘ಇತಿಹಾಸದ ಆಧಾರಗಳು’ ಪಾಠವನ್ನು ನಾವು ಸಾಮಾನ್ಯವಾಗಿ ಶಾಸನ, ನಾಣ್ಯ, ಗ್ರಂಥ ಎಂದು ವರ್ಗೀಕರಿಸಿ ಮುಗಿಸುತ್ತೇವೆ. ಆಧಾರವನ್ನು ಪ್ರಶ್ನಿಸುವುದನ್ನು ಕಲಿಸುವುದು ಅಪರೂಪ. ವಿಜ್ಞಾನದ ಪ್ರಶಿಕ್ಷಣಾರ್ಥಿಯಾದ ನನಗೆ ಇದು ದೊಡ್ಡ ಕೊರತೆಯಾಗಿ ಕಾಣುತ್ತದೆ. ಇದನ್ನು ತುಂಬಲು ಕೊರಿಯಾದ ಗೋರ್ಯೊ ವಂಶದ ಬಾಲ ಅರಸ ಚಾಂಗ್‌ನ ಪ್ರಸಂಗ ಸೂಕ್ತ ಎಂಬುದು ನನ್ನ ಅಭಿಪ್ರಾಯ.

ಚಾಂಗ್ ಹುಟ್ಟಿದ್ದು 1380ರಲ್ಲಿ. ಅವನ ತಂದೆ ‘ಉ’ 1374ರಿಂದ ಅರಸನಾಗಿದ್ದ. 1388ರಲ್ಲಿ ಮಿಂಗ್ ಚೀನಾದ ವಿರುದ್ಧ ದಂಡೆತ್ತಿ ಹೊರಟಿದ್ದ ಸೇನಾಪತಿ ಯಿ ಸಿಯೊಂಗ್‌ಗ್ಯೆ, ಯಾಲು ನದಿಯ ವಿಹ್ವಾ ದ್ವೀಪದಿಂದ ಸೈನ್ಯವನ್ನು ಹಿಂದಿರುಗಿಸಿ ರಾಜಧಾನಿಯನ್ನೇ ವಶಪಡಿಸಿಕೊಂಡ. ‘ಉ’ ಪದಚ್ಯುತನಾದ, ಎಂಟು ವರ್ಷದ ಚಾಂಗ್ ಪಟ್ಟವೇರಿದ. ಮರುವರ್ಷ ಅವನನ್ನೂ ಇಳಿಸಲಾಯಿತು. ಕೊಟ್ಟ ಕಾರಣ: ‘ಉ’ ಹಿಂದಿನ ಅರಸ ಗೊಂಗ್‌ಮಿನ್‌ನ ಮಗನಲ್ಲ, ಸಿನ್ ದೊನ್ ಎಂಬ ಬೌದ್ಧ ಭಿಕ್ಷುವಿನ ಮಗ, ಹಾಗಾಗಿ ಚಾಂಗ್ ರಾಜವಂಶದವನಲ್ಲ. ತಂದೆ ಮಗ ಇಬ್ಬರನ್ನೂ ಕೊಲ್ಲಲಾಯಿತು. 1392ರಲ್ಲಿ ಯಿ ಸಿಯೊಂಗ್‌ಗ್ಯೆ ತಾನೇ ಅರಸನಾಗಿ ಜೋಸನ್ ವಂಶವನ್ನು ಸ್ಥಾಪಿಸಿದ.

ಗೋರ್ಯೊ ಕಾಲದ ಮುಖ್ಯ ಆಧಾರಗ್ರಂಥ ‘ಗೋರ್ಯೊಸಾ’. ಅದು ಪೂರ್ಣಗೊಂಡದ್ದು 1451ರಲ್ಲಿ, ಅದೇ ಜೋಸನ್ ಆಸ್ಥಾನದಲ್ಲಿ. ಅದರ ಅರಸರ ಭಾಗದಲ್ಲಿರುವವರು 32 ಮಂದಿ. ‘ಉ’ ಮತ್ತು ಚಾಂಗ್ ಇರುವುದು ದ್ರೋಹಿಗಳ ಚರಿತ್ರೆಯ ಭಾಗದಲ್ಲಿ, ‘ಸಿನ್’ ಎಂಬ ಮನೆತನದ ಹೆಸರಿನೊಂದಿಗೆ. ಇಂದಿನ ಪಟ್ಟಿಗಳಲ್ಲಿ ಗೋರ್ಯೊ ಅರಸರು 34.

ಈ ಎರಡು ಸಂಖ್ಯೆಗಳನ್ನು ಹಲಗೆಯ ಮೇಲೆ ಬರೆದರೆ ಪಾಠ ಶುರುವಾಗುತ್ತದೆ. ಗ್ರಂಥ ಬರೆಸಿದವರು ಯಾರು? ಆರೋಪದಿಂದ ಲಾಭ ಯಾರಿಗೆ? ರಕ್ತಸಂಬಂಧವೇ ಅಡ್ಡಿಯಾಗಿದ್ದರೆ 1388ರಲ್ಲಿ ‘ಉ’ನ ಮಗನಿಗೇ ಪಟ್ಟ ಕಟ್ಟಿದ್ದೇಕೆ?

ಇಲ್ಲಿ ಶಿಕ್ಷಕರು ಎಚ್ಚರ ವಹಿಸಬೇಕು. ಲಾಭವಿತ್ತು ಎಂದ ಮಾತ್ರಕ್ಕೆ ಆರೋಪ ಸುಳ್ಳೆಂದು ಸಾಬೀತಾಗದು. ಅನುಮಾನಕ್ಕೆ ಕಾರಣವಿದೆ ಎಂದಷ್ಟೇ ತಿಳಿಯುತ್ತದೆ. ಪ್ರಯೋಗಾಲಯದಲ್ಲಿ ‘ಈ ದತ್ತಾಂಶದಿಂದ ನಿರ್ಧರಿಸಲಾಗದು’ ಎಂಬುದನ್ನು ಸರಿಯುತ್ತರವೆಂದು ಒಪ್ಪುತ್ತೇವೆ. ಇತಿಹಾಸದಲ್ಲೂ ಕಾರಣ ಸಹಿತ ಹಾಗೆ ಬರೆದ ಮಗುವಿಗೆ ಪೂರ್ಣ ಅಂಕ ಸಲ್ಲಬೇಕು. ಆದರೆ ಎಂಟು ಒಂಬತ್ತರ ಬಾಲಕನನ್ನು ದ್ರೋಹಿಗಳ ಸಾಲಿಗೆ ಸೇರಿಸಿದ್ದು ಅವನ ಯಾವ ಕೃತ್ಯಕ್ಕಾಗಿಯೂ ಅಲ್ಲ ಎಂಬುದನ್ನು ಮಕ್ಕಳು ಖಂಡಿತ ಗುರುತಿಸಬಲ್ಲರು.

ನಮ್ಮ ಅರಸರನ್ನು ಬಿಟ್ಟು ಕೊರಿಯಾ ಏಕೆ ಎಂದು ಕೆಲವರು ಕೇಳಬಹುದು. ನಮ್ಮ ಅರಸರ ಬಗ್ಗೆ ಮಕ್ಕಳು ಮನೆಯಿಂದಲೇ ಅಭಿಮಾನ ಹೊತ್ತು ಬರುತ್ತಾರೆ. ಚಾಂಗ್‌ನ ವಿಷಯದಲ್ಲಿ ತರಗತಿಯಲ್ಲಿ ಯಾರಿಗೂ ಪಕ್ಷವಿಲ್ಲ. ಇಲ್ಲಿ ಕೇಳಲು ಕಲಿತ ಪ್ರಶ್ನೆಗಳನ್ನು ಮುಂದೆ ನಮ್ಮ ಇತಿಹಾಸಕ್ಕೂ ಅನ್ವಯಿಸಬಹುದು. ಬೇಕಾದದ್ದು ಒಂದು ಕಾಲರೇಖೆ, ಎರಡು ಪಟ್ಟಿ, ಒಂದು ಅವಧಿ. ಮುಂದಿನ ಬೋಧನಾಭ್ಯಾಸದಲ್ಲಿ ಸಮಾಜ ವಿಜ್ಞಾನದ ಸಹಪಾಠಿಗಳು ಇದನ್ನು ಪ್ರಯತ್ನಿಸಲಿ. ಮೌಲ್ಯಮಾಪನದಲ್ಲಿ ‘ಅರಸರು ಎಷ್ಟು?’ ಎಂಬುದರ ಬದಲು ‘ಎರಡು ಪಟ್ಟಿಗಳು ಬೇರೆಯಾದದ್ದೇಕೆ?’ ಎಂದು ಕೇಳಲಿ.