ಅಗ್ಗದ ಕಾರಿನ ಅಂತಸ್ಸತ್ತ್ವ

ಬೆಲೆಬಾಳುವ ವಸ್ತುವನ್ನು ಪರೀಕ್ಷಿಸುವುದಕ್ಕಿಂತ ಅಗ್ಗದ ವಸ್ತುವನ್ನು ಪರೀಕ್ಷಿಸುವುದು ಕಠಿನತರವಾದ ಕಾರ್ಯ. ಏಕೆಂದರೆ ಮೊದಲನೆಯದರಲ್ಲಿ ಕಂಡ ಕೊರತೆಯೆಲ್ಲವೂ ದೋಷವೇ ಆದರೆ, ಎರಡನೆಯದರಲ್ಲಿ ಆವ ಕೊರತೆ ಕ್ಷಮ್ಯ, ಆವುದು ಅಕ್ಷಮ್ಯವೆಂದು ವಿವೇಚಿಸುವ ಭಾರ ಪರೀಕ್ಷಕನ ಮೇಲೆ ಬೀಳುತ್ತದೆ. ಉದಾಹರಣೆಗೆ, 1957ರಲ್ಲಿ ಇಂಗ್ಲೆಂಡಿನಲ್ಲಿ ಹೊರಬಂದ ಲೋಟಸ್ ಸೆವೆನ್ ಕಾರನ್ನು ಬಿಡಿಭಾಗಗಳಾಗಿ ಕೊಂಡು ತಾವೇ ಜೋಡಿಸಿಕೊಂಡವರಿಗೆ ಅಲ್ಲಿನ ಖರೀದಿ ತೆರಿಗೆಯ ಹೊರೆ ತಪ್ಪುತ್ತಿದ್ದುದರಿಂದ, ಮಿತವ್ಯಯವೂ ಕೈಕೆಲಸದ ಆನಂದವೂ ಒಂದೆಡೆ ಸೇರಿದುವು. ಆದರೆ ಅಂಥ ಕಾರಿನ ಗುಣವನ್ನು ನಿರ್ಣಯಿಸುವ ಹೊಣೆಯೂ ಕೊಂಡವನದೇ ಆಯಿತು.

ನಮ್ಮ ನಾಡಿನಲ್ಲಿ ಇಂಥ ಹಗುರವಾದ ಅಗ್ಗದ ಕಾರುಗಳ ಕುಲಕ್ಕೆ ಸಮೀಪದ ಬಂಧುವೆಂದರೆ ಬೆಂಗಳೂರಿನ ಸಿಪಾನಿ ಡಾಲ್ಫಿನ್. ಇಂಗ್ಲೆಂಡಿನ ರಿಲಯಂಟ್ ಕಿಟನ್ ಕಾರನ್ನು ಆಧರಿಸಿ 1982ರಲ್ಲಿ ಬಂದ ಈ ಪುಟ್ಟ ವಾಹನಕ್ಕೆ ಉಕ್ಕಿನ ಚಾಸಿ, ಅದರ ಮೇಲೆ ಫೈಬರಿನ ಮೈ, 848 ಸಿ.ಸಿ.ಯ ಅಲ್ಯೂಮಿನಿಯಂ ಎಂಜಿನ್. 1983ರ ಡಿಸೆಂಬರಿನಲ್ಲಿ ಮಾರುತಿ 800 ಬೀದಿಗಿಳಿದ ಮೇಲೆ ಇದರ ಪ್ರಭೆ ಕುಂದಿತು. ಆದರೂ ತಗಡಿನ ಮೈಯಲ್ಲವೆಂಬ ಒಂದೇ ಕಾರಣಕ್ಕೆ ಇದನ್ನು ಕೀಳೆಂದೆಣಿಸುವುದು ನ್ಯಾಯವಲ್ಲ. ಫೈಬರಿಗೆ ತುಕ್ಕು ಹಿಡಿಯದು, ತೂಕ ಕಡಿಮೆ, ಬಿರುಕನ್ನು ರಾಳ ಹಚ್ಚಿ ಬೆಸೆಯಬಹುದು. ಆದರೆ ಬಲವಾದ ಪೆಟ್ಟಿಗೆ ತಗಡು ತಗ್ಗಾಗುವ ಕಡೆ ಫೈಬರು ಒಡೆಯುತ್ತದೆ. ಆದುದರಿಂದ ಭಾರವನ್ನು ಹೊರಬೇಕಾದುದು ಒಳಗಿನ ಉಕ್ಕೇ ಹೊರತು ಹೊರಗಿನ ಹೊದಿಕೆಯಲ್ಲ.

ಶಹಾಬಾದಿನ ಕಲ್ಲನ್ನು ನೆಲಕ್ಕೆ ಹಾಸಿಸಿಕೊಂಡ ಗೃಹಸ್ಥರಿಗೆ ಈ ತತ್ತ್ವವನ್ನು ವಿವರಿಸಬೇಕಾಗಿಲ್ಲ: ಮೇಲ್ಮೈ ಎಷ್ಟೇ ನುಣುಪಾಗಿರಲಿ, ಅಡಿಯಲ್ಲಿ ಪೊಳ್ಳು ಉಳಿದರೆ ಕಲ್ಲು ಒಂದು ದಿನ ಬಿರಿಯುವುದೇ ಸರಿ. ಆ ಕಲ್ಲಿನ ಸೀಮೆಯಾದ ಕಲಬುರಗಿ ಜಿಲ್ಲೆಯಲ್ಲಿ, ಇತ್ತ ಚಿತ್ತಾಪುರದಿಂದ ಸೇಡಂಗೆ, ಸೇಡಂನಿಂದ ಚಿಂಚೋಳಿಗೆ ಹೋಗುವ ದಾರಿಯ ಎರೆನೆಲವು ಬೇಸಗೆಯಲ್ಲಿ ಬಿರಿದು ಮಳೆಗಾಲದಲ್ಲಿ ಉಬ್ಬುವ ಸ್ವಭಾವದ್ದು. ಅತ್ತ ವಾಡಿಯ ಸುತ್ತ ಸಿಮೆಂಟು, ಸುಣ್ಣದಕಲ್ಲು ಹೊತ್ತ ಲಾರಿಗಳ ಓಡಾಟ, ಸಂದುಸಂದಿಗೆ ನುಗ್ಗುವ ಸಣ್ಣ ಧೂಳು. ಹಗುರವಾದ ಕಾರಿಗೆ ಇದಕ್ಕಿಂತ ನಿಷ್ಠುರನಾದ ಪರೀಕ್ಷಕನು ಬೇರೆಲ್ಲಿ ದೊರೆತಾನು?

ಈ ದಾರಿಯ ದೃಷ್ಟಿಯಿಂದ ನೋಡಿದರೆ, ಬಾಗಿಲಿನ ಸಂದು ಒಂದು ಕಡೆ ಕಿರಿದಾಗಿ ಇನ್ನೊಂದು ಕಡೆ ಹಿರಿದಾಗಿರುವುದು, ಸೀಟಿನ ಬಟ್ಟೆ ಒರಟಾಗಿರುವುದು, ಬಣ್ಣ ಮಂಕಾಗಿರುವುದು ಇವೆಲ್ಲ ಕ್ಷಮ್ಯ; ಅಗ್ಗದ ಬೆಲೆಯಲ್ಲಿ ಉಳಿಸಬೇಕಾದುದು ಅಲ್ಲಿಯೇ. ಆದರೆ ಚಾಸಿಯ ವೆಲ್ಡಿಂಗು ಅಖಂಡವಾಗಿರದೆ ಅಲ್ಲಲ್ಲಿ ಚುಕ್ಕೆಯಂತೆ ಅಂಟಿದ್ದರೆ, ವೈರು ಕಬ್ಬಿಣದ ರಂಧ್ರದಲ್ಲಿ ನುಸುಳುವಲ್ಲಿ ರಬ್ಬರಿನ ಬಳೆ ಇಲ್ಲದಿದ್ದರೆ, ಬ್ರೇಕಿನ ಪೈಪು ಹಿಡಿತವಿಲ್ಲದೆ ಜೋಲುತ್ತಿದ್ದರೆ, ಸೀಟ್‌ಬೆಲ್ಟಿನ ಬೋಲ್ಟು ಉಕ್ಕನ್ನು ಬಿಟ್ಟು ಬರಿಯ ಫೈಬರನ್ನು ನಂಬಿ ನಿಂತಿದ್ದರೆ, ಅದು ಮಿತವ್ಯಯವಲ್ಲ, ಪ್ರಾಣದೊಡನೆ ಮಾಡಿದ ವ್ಯಾಪಾರ. ಕೀಲುಗಳ ಸುತ್ತ ಕೂದಲೆಳೆಯಂತಹ ಬಿರುಕುಗಳು ಕಂಡರೆ, ಹೊದಿಕೆಯು ತನ್ನದಲ್ಲದ ಭಾರವನ್ನು ಹೊರುತ್ತಿದೆಯೇ ಎಂದು ಶಂಕಿಸಬೇಕು.

ಕಡಿಮೆ ಬೆಲೆಯು ಕಡಿಮೆ ಅಲಂಕಾರಕ್ಕೆ ಒಪ್ಪಿಗೆಯೇ ಹೊರತು ಕಡಿಮೆ ಸುರಕ್ಷತೆಗಲ್ಲ. ಅಂಥ ವಾಹನವನ್ನು ಕೊಳ್ಳಹೊರಟ ಓದುಗರಲ್ಲಿ ನನ್ನ ವಿನಂತಿಯಿಷ್ಟೆ: ಬಣ್ಣವನ್ನು ನೋಡಿ ಮೆಚ್ಚಿಕೊಳ್ಳಿ, ಆದರೆ ನಂಬುಗೆಯ ಮೆಕ್ಯಾನಿಕನೊಬ್ಬನನ್ನು ಕರೆದೊಯ್ದು, ಹಗಲ ಬೆಳಕಿನಲ್ಲಿ ಕಾರಿನ ಅಡಿಭಾಗವನ್ನು ತೋರಿಸಿದ ಬಳಿಕವೇ ಹಣವನ್ನು ಎಣಿಸಿ ಕೊಡಿ.